‘ಜೊತೆಯಲಿ’ ಹಾಡಿನ ಐದು ಪ್ರತಿಗಳು: ಆಲೂರು ಸೀಮೆಯ ಒಂದು ಕ್ಯಾಸೆಟ್ಟನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ

1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡಿನ ಮೊದಲ ಧ್ವನಿಮುದ್ರಣವನ್ನು ಅದೇ ಧಾಟಿಯ ಇನ್ನು ನಾಲ್ಕು ಪ್ರತಿಗಳೊಡನೆ ಇಟ್ಟು ನೋಡುವುದು ಈ ಟಿಪ್ಪಣಿಯ ಕೆಲಸ. ಚಿತ್ರವನ್ನು ನಿರ್ದೇಶಿಸಿ ನಾಯಕನಾಗಿ ನಟಿಸಿದವರು ಶಂಕರ್‌ನಾಗ್. ಸಂಗೀತ ಇಳಯರಾಜ ಅವರದು, ಸಾಹಿತ್ಯ ಚಿ. ಉದಯಶಂಕರ್ ಅವರದು. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಉಳಿದ ನಾಲ್ಕರಲ್ಲಿ ಎರಡು ಪ್ರತಿಗಳು ಆಲೂರು ತಾಲ್ಲೂಕು ಕೆಂಚಮ್ಮನ ಹೊಸಕೋಟೆ ಹೋಬಳಿಯ ಒಂದು ಮನೆಯಲ್ಲಿ, ಒಂದೇ ಕ್ಯಾಸೆಟ್ಟಿನ ಎರಡು ಬದಿಗಳಲ್ಲಿ ಸಿಕ್ಕವು. ಟಿಪ್ಪಣಿ ಹುಟ್ಟಿದ್ದೇ ಆ ಕ್ಯಾಸೆಟ್ಟಿನಿಂದ.

ಸಕಲೇಶಪುರ–ಆಲೂರು ಗುಡ್ಡಗಳನ್ನು ಸಿನಿಮಾ ಹಾಡಿನ ಜೊತೆ ನೆನೆಯುವವರು ಸಾಮಾನ್ಯವಾಗಿ ‘ಮುಂಗಾರು ಮಳೆ’ಯ (2006) ಚಿತ್ರೀಕರಣವನ್ನು ನೆನೆಯುತ್ತಾರೆ. ಇಲ್ಲಿ ಚರ್ಚಿಸುವ ಹಾಡಿಗೂ ಈ ಸೀಮೆಗೂ ಅಂಥ ನಂಟನ್ನು ಆರೋಪಿಸಿಲ್ಲ. ನಂಟು ಕೇಳುಗರದು, ಅಷ್ಟೇ.

‘ಮೂಲ’ ಎಂಬ ಮಾತನ್ನು ಇಲ್ಲಿ ಒಂದೇ ಅರ್ಥದಲ್ಲಿ ಬಳಸಿದೆ: ಆ ಧಾಟಿಯು ಮೊದಲು ಸಾರ್ವಜನಿಕವಾಗಿ ಹೊರಬಂದ ಧ್ವನಿಮುದ್ರಣ. ಧಾಟಿ ಸಂಯೋಜಕರ ಮನಸ್ಸಿನಲ್ಲಿ ಅಥವಾ ಹಾರ್ಮೋನಿಯಂ ಮೇಲೆ ಯಾವಾಗ ಮೂಡಿತು ಎಂಬುದು ಬೇರೆ ಪ್ರಶ್ನೆ. ಬಿಡುಗಡೆಯ ಕ್ರಮದಿಂದ ರಚನೆಯ ಕ್ರಮವನ್ನು ಊಹಿಸುವುದು ನ್ಯಾಯವಲ್ಲ.

2. ಪ್ರತಿಗಳು, ಸಂಕೇತಗಳು

ಗ್ರಂಥಸಂಪಾದನೆಯಲ್ಲಿ ಓಲೆಗರಿ ಪ್ರತಿಗಳಿಗೆ ಸಂಕೇತಾಕ್ಷರ ಕೊಡುವ ಕ್ರಮವನ್ನೇ ಇಲ್ಲೂ ಅನುಸರಿಸಿದೆ.

ಗೀ: ‘ಗೀತಾ’, ಕನ್ನಡ, 1981. ಯುಗಳಗೀತೆ.

ನೂ: ‘ನೂರಾವದು ನಾಳ್’, ತಮಿಳು, 1984, ನಿರ್ದೇಶನ ಮಣಿವಣ್ಣನ್. ಹಾಡಿನ ಮೊದಲ ಮಾತು ‘ವಿೞಿಯಿಲೇ ಮಣಿ ವಿೞಿಯಿಲ್’. ಸಂಯೋಜಕರು ಅವರೇ, ಹಾಡಿದ ಇಬ್ಬರೂ ಅವರೇ.

ಚೀ: ‘ಚೀನಿ ಕಮ್’, ಹಿಂದಿ, 2007, ನಿರ್ದೇಶನ ಆರ್. ಬಾಲ್ಕಿ. ಹಾಡು ‘ಜಾನೇ ದೋ ನಾ’, ಗಾಯನ ಶ್ರೇಯಾ ಘೋಷಾಲ್. ಸಂಯೋಜಕರು ಇಲ್ಲೂ ಇಳಯರಾಜ.

ಆ-1, ಆ-2: ಮೇಲೆ ಹೇಳಿದ ಆಲೂರು ಕ್ಯಾಸೆಟ್ಟಿನ ‘ಎ’ ಮತ್ತು ‘ಬಿ’ ಬದಿಗಳಲ್ಲಿರುವ ಹಾಡುಗಳು. ಎರಡೂ ಕನ್ನಡ.

ತಮಿಳಿನ ವಿಶಿಷ್ಟ ವರ್ಣಕ್ಕೆ ಹಳಗನ್ನಡದ ೞಕಾರವನ್ನೇ ಬಳಸಿದ್ದೇನೆ. ಶಾಸನ ಓದುವವರಿಗೆ ಅದು ಕಣ್ಣಿಗೆ ಒಗ್ಗಿದ ಅಕ್ಷರ. ‘ಳ’ ಬರೆದರೆ ಬೇರೊಂದು ಧ್ವನಿಯ ಭ್ರಮೆ ಹುಟ್ಟುತ್ತದೆ.

ಗೀ ಎಂದು ಕರೆದದ್ದು ಈಗ ಮಾರುಕಟ್ಟೆಯಲ್ಲಿ ಸಿಗುವ ಡಿಜಿಟಲ್ ಪ್ರತಿ. ಅದೂ ಒಂದು ಪ್ರತಿಯೇ ಹೊರತು ಧ್ವನಿಮುದ್ರಣಾಲಯದ ಮಾಸ್ಟರ್ ಟೇಪಲ್ಲ. ಹಳೆಯ ಟೇಪಿನಿಂದಲೋ ಗ್ರಾಮಫೋನ್ ತಟ್ಟೆಯಿಂದಲೋ ಡಿಜಿಟಲ್‌ಗೆ ಇಳಿಸುವಾಗ ಯಂತ್ರದ ವೇಗ ಶೇಕಡಾ ಅರ್ಧದಷ್ಟು ಆಚೀಚೆಯಾದರೂ ಶ್ರುತಿ ಸುಮಾರು 9 ಸೆಂಟ್ ಸರಿಯುತ್ತದೆ. ಆದ್ದರಿಂದ ಮುಂದಿನ ಅಂಕಿಗಳೆಲ್ಲ ‘ಗೀ ಎಂಬ ಪ್ರತಿಗೆ ಹೋಲಿಸಿದರೆ’ ಎಂಬ ಷರತ್ತಿಗೆ ಒಳಪಟ್ಟವು. ನಿರಪೇಕ್ಷ ಶ್ರುತಿಯ ಬಗ್ಗೆ ಏನನ್ನೂ ಹೇಳಿಲ್ಲ.

3. ಕ್ಯಾಸೆಟ್ಟು: ಸ್ಥಿತಿ ಮತ್ತು ಕಾಲ

ಕ್ಯಾಸೆಟ್ಟು 60 ನಿಮಿಷದ್ದು, ಬದಿಗೆ 30 ನಿಮಿಷ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇತ್ತು. ಮುಂಗಾರಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಈ ಸೀಮೆಯಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಇದಕ್ಕೆ ಅಂಚಿನಲ್ಲಿ ಮಾತ್ರ ಬಿಳಿಯ ಪುಡಿ ಕೂತಿತ್ತು. ಒಲೆಯ ಶಾಖ ಕಾಪಾಡಿರಬಹುದು. ಅದೇ ಒಲೆಯ ಮಸಿ ಡಬ್ಬಿಯ ಮುಚ್ಚಳದ ಸಂದಿಯಿಂದ ಇಳಿದು ಕ್ಯಾಸೆಟ್ಟಿನ ಕಿಟಕಿಯನ್ನು ಕಂದು ಮಾಡಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಮೆತ್ತೆ ಕಳಚಿ ಒಳಗೆ ಬಿದ್ದಿತ್ತು. ನಾಲ್ಕು ತಿರುಪುಗಳಿದ್ದ ಕವಚವಾದ್ದರಿಂದ ಬಿಚ್ಚಿ, ಸುರುಳಿಗಳನ್ನು ಬೇರೊಂದು ಕವಚಕ್ಕೆ ವರ್ಗಾಯಿಸಿ, ಪೆನ್ಸಿಲ್ ತೂರಿಸಿ ಎರಡು ಸಲ ಆ ತುದಿಯಿಂದ ಈ ತುದಿಗೆ ಸುತ್ತಿದ ಮೇಲೆ ನುಡಿಸಲಾಯಿತು.

ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ಎರಡು ಸಾಲು: ಮೇಲೆ ‘ನಮ್ಮ ಆರ್ಕೆಸ್ಟ್ರಾ’, ಕೆಳಗೆ ‘ಗಣಪತಿ 86’. ಮನೆಯ ಯಜಮಾನರ ಹೇಳಿಕೆಯೂ ಇದಕ್ಕೆ ಹೊಂದುತ್ತಿತ್ತು. ‘ಎ’ ಬದಿಯನ್ನು ಕೇಳಿಸಿದಾಗ ಅವರು ಹೇಳಿದ್ದು: “ಇದು ನಮ್ ಹುಡುಗ್ರು ಹಾಡಿರದು ಕಣ್ರೀ, ಪಿಚ್ಚರ್‌ದಲ್ಲ.”

86 ಎಂಬ ಅಂಕಿಯನ್ನು 1986 ಎಂದು ಓದುವುದಾದರೆ ಒಂದು ತೊಡಕಿದೆ. ‘ಬಿ’ ಬದಿಯಲ್ಲಿ ಆ-2ಕ್ಕೆ ತುಸು ಮೊದಲು ಅದೇ ಗಾಯಕ, ಅದೇ ವಾದ್ಯಗಳೊಡನೆ ‘ಪ್ರೇಮಲೋಕ’ದ ಒಂದು ಹಾಡನ್ನು ಹಾಡಿದ್ದಾನೆ. ‘ಪ್ರೇಮಲೋಕ’ 1987ರ ಚಿತ್ರ. ಆದ್ದರಿಂದ ‘ಬಿ’ ಬದಿಯ ಈ ಭಾಗ 1987ಕ್ಕಿಂತ ಹಿಂದಿನದಾಗಲಾರದು. ಬರಹ ತಪ್ಪಿರಬೇಕು, ಇಲ್ಲವೇ ಬರಹ ಸರಿಯಿದ್ದು ಒಳಗಿನದು ಆಮೇಲೆ ಬದಲಾಗಿರಬೇಕು. ಎರಡನೆಯದಕ್ಕೆ ಪುರಾವೆ ಇದೆ: ‘ಬಿ’ ಬದಿಯ ಹಾಡುಗಳು ‘ಟಕ್’ ಎಂಬ ಸದ್ದಿನೊಡನೆ ನಿಂತ ಮೇಲೆ 11 ಸೆಕೆಂಡುಗಳಷ್ಟು ಹಳೆಯ ಮುದ್ರಣ ಅಳಿಯದೆ ಉಳಿದಿದೆ. ಅದರಲ್ಲಿ ಇರುವುದು ಇಬ್ಬರು ಹೆಂಗಸರ ಮಾತು ಮತ್ತು ಒಂದು ಕೋಳಿಯ ಕೂಗು. ಅಂದರೆ ಈ ಬದಿಯನ್ನು ಕನಿಷ್ಠ ಎರಡು ಸಲ ಬಳಸಲಾಗಿದೆ. ಹೊದಿಕೆಯ ಬರಹ ಯಾವ ಪದರಕ್ಕೆ ಸೇರಿದ್ದು ಎಂದು ನಿರ್ಧರಿಸುವ ಹಾಗಿಲ್ಲ. ‘86’ಅನ್ನು ಕಾಲನಿರ್ಣಯಕ್ಕೆ ಬಳಸದಿರುವುದು ಕ್ಷೇಮ.

4. ಆ-1: ಶ್ರುತಿಯೋ ವೇಗವೋ

ಬರಿಗಿವಿಗೆ ಆ-1 ಗೀಗಿಂತ ಮೇಲಿನ ಶ್ರುತಿಯಲ್ಲಿದೆ, ಚುರುಕಾಗಿದೆ, ಧ್ವನಿಗಳು ಎಳೆಯವು. ಹಳ್ಳಿಯ ಆರ್ಕೆಸ್ಟ್ರಾದ ಹುಡುಗ ಹುಡುಗಿ ಹಾಡಿದ್ದು ಎಂಬ ನಂಬಿಕೆ ಅಸಹಜವಲ್ಲ. ಮೊದಲ ಸಲ ಕೇಳಿದಾಗ ಪ್ರಸ್ತುತ ಲೇಖಕನೂ ಹಾಗೆಯೇ ಗುರುತು ಹಾಕಿಕೊಂಡಿದ್ದ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಹಾಡುವವರು ಶ್ರುತಿಯನ್ನು ಏರಿಸಿಕೊಂಡರೆ ಲಯ ಏರಲೇಬೇಕೆಂದಿಲ್ಲ. ಎರಡೂ ಅವರವರ ಇಷ್ಟ. ಯಂತ್ರ ಬೇಗ ಓಡಿದರೆ ಶ್ರುತಿ ಮತ್ತು ಲಯ ಒಂದೇ ಅನುಪಾತದಲ್ಲಿ ಏರುತ್ತವೆ, ಬೇರೆ ದಾರಿಯಿಲ್ಲ. ಕ್ಯಾಸೆಟ್ಟಿನ ನಿಗದಿತ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಮನೆಬಳಕೆಯ ಟೇಪ್ ರೆಕಾರ್ಡರುಗಳು ಇದರಿಂದ ಶೇಕಡಾ 1ರಿಂದ 3ರಷ್ಟು ಸರಿಯುವುದು ಸಾಮಾನ್ಯ. ಬೆಲ್ಟು ಸಡಿಲವಾದ ಅಥವಾ ಮೋಟಾರಿನ ವೇಗದ ತಿರುಪನ್ನು ರಿಪೇರಿಯವರು ತಿರುಗಿಸಿಟ್ಟ ಯಂತ್ರಗಳಲ್ಲಿ ಇನ್ನೂ ಹೆಚ್ಚು.

ಅಳೆದ ಕ್ರಮ ಹೀಗೆ. ನುಡಿಸಿದ ಡೆಕ್ಕನ್ನು 3000 ಹರ್ಟ್ಸ್ ನಾದವಿರುವ ಪರೀಕ್ಷಾ ಕ್ಯಾಸೆಟ್ಟಿನಿಂದ ನೋಡಿದಾಗ 3009 ಬಂತು, ಅಂದರೆ ಶೇಕಡಾ 0.3 ವೇಗ. ಕೆಳಗಿನ ಅಂಕಿಗಳಲ್ಲಿ ಇದನ್ನು ಕಳೆದಿದೆ. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ 100 ಸೆಂಟ್ ಎಂದು ಲೆಕ್ಕ. ಹಾರ್ಮೋನಿಯಂ ನುಡಿಸುವವರ ಮಾತಿನಲ್ಲಿ ಅರ್ಧ ಮನೆ.

ಶ್ರುತಿಯಲ್ಲಿ ಆ-1 ಗೀಗಿಂತ 104 ಸೆಂಟ್ ಮೇಲೆ (ಅಳತೆಯ ಅನಿಶ್ಚಿತತೆ 5 ಸೆಂಟ್ ಆಚೀಚೆ). ಲಯದಲ್ಲಿ ಆ-1 ಗೀಯ 1.062ರಷ್ಟು. 104 ಸೆಂಟಿಗೆ ಸಮನಾದ ಅನುಪಾತ 1.0619. ಎರಡೂ ಅಂಕಿಗಳು ಅಳತೆಯ ಮಿತಿಯೊಳಗೆ ಒಂದೇ.

ಇಷ್ಟೇ ಆಗಿದ್ದರೆ ಕಾಕತಾಳೀಯ ಎನ್ನಲು ಸಂದು ಇರುತ್ತಿತ್ತು. ಆ-1ನ್ನು 1.062ರಿಂದ ನಿಧಾನಿಸಿ ಗೀಯ ಪಕ್ಕದಲ್ಲಿ ಜೋಡಿಸಿದಾಗ ಮೊದಲ ತಾಳದ ಪೆಟ್ಟಿನಿಂದ ಕೊನೆಯದರವರೆಗೆ ಎರಡೂ ಕೂಡಿಕೊಂಡೇ ಸಾಗುತ್ತವೆ. ನಡುವೆ ಕಾಣುವ ಓಲಾಟ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು, ಅದೂ ಹಳೆಯ ಟೇಪಿನಲ್ಲಿ ನಿರೀಕ್ಷಿಸುವಷ್ಟೇ. ಗಾಯಕರ ಉಸಿರಿನ ಎಡೆಗಳು, ವಾದ್ಯದ ಪೆಟ್ಟುಗಳು ಒಂದರ ಮೇಲೊಂದು ಕೂರುತ್ತವೆ. ಎಷ್ಟೇ ಅಭ್ಯಾಸವಿದ್ದರೂ ಬೇರೆ ಗಾಯಕರು, ಬೇರೆ ವಾದ್ಯಗಾರರು ಇನ್ನೊಬ್ಬರ ಮುದ್ರಣವನ್ನು ಈ ಮಟ್ಟಕ್ಕೆ ಅನುಕರಿಸುವುದು ಮನುಷ್ಯಸಾಧ್ಯವೆಂದು ತೋರುವುದಿಲ್ಲ.

ಆದ್ದರಿಂದ ಆ-1 ಮರುಗಾಯನವಲ್ಲ. ಗೀಯದೇ ವೇಗ ಏರಿದ ನಕಲು. ಧ್ವನಿ ಗುರುತು ಸಿಗದಿದ್ದುದಕ್ಕೂ ಇದೇ ಕಾರಣ: ಯಂತ್ರ ಬೇಗ ಓಡಿದಾಗ ಶ್ರುತಿಯ ಜೊತೆಗೆ ಗಂಟಲು–ಬಾಯಿಯ ಅನುರಣನವೂ ಅದೇ ಪ್ರಮಾಣದಲ್ಲಿ ಮೇಲೇರುತ್ತದೆ. ಬಾಲಸುಬ್ರಹ್ಮಣ್ಯಂ ಅವರ ಕಂಠ ಶೇಕಡಾ 6ರಷ್ಟು ಚಿಕ್ಕ ದೇಹದಿಂದ ಬಂದಂತೆ ಕೇಳುತ್ತದೆ.

5. ಆ-1ರ ಎರಡು ಹಮ್ಮುಗಳು

ವೇಗ ಎಲ್ಲಿ ಏರಿತು? ಹಾಡಿಗೆ ಮುಂಚಿನ ಸುಮಾರು 3 ಸೆಕೆಂಡ್ ಖಾಲಿ ಜಾಗದಲ್ಲಿ ಕರೆಂಟಿನ ಹಮ್ಮು, ಅಂದರೆ ಗುಂಯ್‌ಗುಡುವ ಸದ್ದು, ಕೇಳುತ್ತದೆ. ಈ ಮೂರು ಸೆಕೆಂಡಿಗೆ ಇಡೀ ಹಾಡಿಗಿಂತ ಹೆಚ್ಚು ಹೊತ್ತು ಖರ್ಚಾಯಿತು.

ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸಿನದು. ಯಂತ್ರಗಳ ಒಳಗೆ ಅದನ್ನು ನೇರ ವಿದ್ಯುತ್ತಾಗಿ ಪರಿವರ್ತಿಸುವಾಗ ಇಮ್ಮಡಿಯ 100 ಹರ್ಟ್ಸ್ ಬಲವಾಗಿ ಉಳಿಯುತ್ತದೆ. ಧ್ವನಿಯ ಪಟ್ಟಿಯನ್ನು ಕಂಪನಾಂಕದ ಪ್ರಕಾರ ಬಿಡಿಸಿ ನೋಡಿದಾಗ 100ರ ಆಸುಪಾಸಿನಲ್ಲಿ ಒಂದಲ್ಲ, ಎರಡು ಗೆರೆಗಳು ಕಂಡವು: ಒಂದು 99 ಹರ್ಟ್ಸಿನಲ್ಲಿ, ಇನ್ನೊಂದು 105ರಲ್ಲಿ. ಎರಡು ಹಮ್ಮೆಂದರೆ ಎರಡು ಯಂತ್ರ, ಎರಡು ಸಲದ ಮುದ್ರಣ. 99ರದು ಕೊನೆಯ ನಕಲು ತೆಗೆದ ಯಂತ್ರದ್ದು. ಅದು ಸರಿಸುಮಾರು ಸರಿಯಾದ ವೇಗದಲ್ಲೇ ಓಡಿದೆ. ನಿಧಾನ ಓಡಿದ್ದರೆ ಅದರ ಹಮ್ಮೂ ನುಡಿಸುವಾಗ ಮೇಲೇರಬೇಕಿತ್ತು. 105ರದು ಅದರ ಹಿಂದಿನ ಪೀಳಿಗೆಯದು, ಹಾಡಿನ ಜೊತೆಗೇ ಮೇಲೇರಿ ಬಂದದ್ದು. 105ನ್ನು 99ರಿಂದ ಭಾಗಿಸಿದರೆ 1.061.

ಈ ಅಂಕಿಯ ಚೆಲುವಿಗೆ ಮರುಳಾಗಬಾರದು. ದಕ್ಷಿಣದ ವಿದ್ಯುತ್ ಜಾಲದ ಕಂಪನಾಂಕವೇ ಆ ಕಾಲದಲ್ಲಿ ಸ್ಥಿರವಾಗಿರಲಿಲ್ಲ. 2003ರ ಆರಂಭದಲ್ಲಿ ಲಭ್ಯತಾ ಆಧಾರಿತ ದರಪದ್ಧತಿ ಬರುವವರೆಗೆ ಅದು 48.5 ಹರ್ಟ್ಸಿಗೆ ಇಳಿಯುವುದು, 50.5ಕ್ಕೆ ಏರುವುದು ಅಪರೂಪವಾಗಿರಲಿಲ್ಲ. ಹಿಂದಿನ ಪೀಳಿಗೆಯ ಮುದ್ರಣ ಯಾವ ಹೊತ್ತಿನದೆಂದು ತಿಳಿಯದೆ ಅದರ ನಿಜವಾದ ಹಮ್ಮು 97 ಇದ್ದಿರಬಹುದು, 101 ಇದ್ದಿರಬಹುದು. ಹಾಗೆ ನೋಡಿದರೆ ಹಮ್ಮು ಒಂದರಿಂದಲೇ ತೀರ್ಮಾನಿಸಬಹುದಾದ ವೇಗದ ಏರಿಕೆ 1.04ರಿಂದ 1.08ರವರೆಗೆ ಎಲ್ಲಾದರೂ ಆಗಬಹುದು. ಶ್ರುತಿ–ಲಯದ ಸಾಕ್ಷ್ಯ ಆ ಮಿತಿಯೊಳಗೆ ಬೀಳುತ್ತದೆ ಎನ್ನುವುದಷ್ಟೇ ಹಮ್ಮಿನ ಉಪಯೋಗ.

ಇನ್ನೊಂದು ಸಣ್ಣ ಉಪಯೋಗವೂ ಉಂಟು. ಇಂಥ ಏರಿಕೆಗೆ ಹಳ್ಳಿಗಳಲ್ಲಿ ಕೊಡುವ ಸಿದ್ಧ ವಿವರಣೆ ‘ಸೆಲ್ಲು ವೀಕಾಗಿತ್ತು’ ಎಂಬುದು. ಸೆಲ್ಲು ಇಳಿದಾಗ ಟೇಪು ನಿಧಾನ ಓಡುತ್ತದೆ. ಆ ಹೊತ್ತಿನಲ್ಲಿ ಮುದ್ರಿಸಿದ್ದನ್ನು ಸರಿಯಾದ ಯಂತ್ರದಲ್ಲಿ ನುಡಿಸಿದರೆ ವೇಗ ಏರುತ್ತದೆ. ವಿವರಣೆ ತಾತ್ವಿಕವಾಗಿ ಸರಿ. ಆದರೆ ಸೆಲ್ಲಿನಲ್ಲಿ ನಡೆಯುವ ಯಂತ್ರಕ್ಕೆ ಕರೆಂಟಿನ ಹಮ್ಮು ಇರಬಾರದು. ಹಿಂದಿನ ಪೀಳಿಗೆಗೆ ಹಮ್ಮು ಇದೆ. ಆದ್ದರಿಂದ ಈ ಪ್ರಕರಣದಲ್ಲಿ ಸೆಲ್ಲಿನ ವಿವರಣೆ ನಿಲ್ಲುವುದು ಕಷ್ಟ. ಉಳಿಯುವುದು ಎರಡು: ಹಿಂದಿನ ಪೀಳಿಗೆಯನ್ನು ಕರೆಂಟಿನಲ್ಲೇ ನಿಧಾನ ಓಡುವ ಯಂತ್ರದಲ್ಲಿ ಮುದ್ರಿಸಿದ್ದು, ಅಥವಾ ನಕಲು ತೆಗೆಯುವಾಗ ಅದನ್ನು ವೇಗದ ಯಂತ್ರದಲ್ಲಿ ನುಡಿಸಿದ್ದು. ಇವೆರಡೂ ಟೇಪಿನ ಮೇಲೆ ಬಿಡುವ ಗುರುತು ಒಂದೇ.

6. ಆ-2: ನಿಜವಾದ ಮರುಗಾಯನ

ಆ-2ರ ವಿಷಯ ಬೇರೆ. ಶ್ರುತಿ ಗೀಗಿಂತ 190 ಸೆಂಟ್ ಕೆಳಗೆ, ಹತ್ತಿರ ಹತ್ತಿರ ಒಂದು ಮನೆ. ಲಯ 1.04, ಅಂದರೆ ಗೀಗಿಂತ ಚುರುಕು. ಯಂತ್ರದ ವೇಗವೇ ಶ್ರುತಿಯನ್ನು ಇಷ್ಟು ಇಳಿಸಿದ್ದರೆ ಲಯ 0.896ಕ್ಕೆ ಕುಸಿಯಬೇಕಿತ್ತು. ಎರಡು ಅಂಕಿಗಳು ವಿರುದ್ಧ ದಿಕ್ಕಿಗೆ ಹೋಗಿರುವುದರಿಂದ ಇದು ಮನುಷ್ಯರ ಆಯ್ಕೆ. ಗಾಯಕ ತನ್ನ ಕಂಠಕ್ಕೆ ಹೊಂದುವ ಶ್ರುತಿ ಹಿಡಿದಿದ್ದಾನೆ, ವಾದ್ಯದವರು ಸಭೆಯ ಹುರುಪಿಗೆ ತಕ್ಕಂತೆ ಓಡಿಸಿದ್ದಾರೆ. ಹಾಡಿನ ಒಳಗೂ ಲಯ ನಿಂತಿಲ್ಲ. ಕೊನೆಯ ಪಲ್ಲವಿ ಮೊದಲ ಪಲ್ಲವಿಗಿಂತ ಸ್ಪಷ್ಟವಾಗಿ ವೇಗ.

ಮುದ್ರಣ ಧ್ವನಿವರ್ಧಕದ ಎದುರು ಟೇಪ್ ರೆಕಾರ್ಡರ್ ಇಟ್ಟು ಮಾಡಿದ್ದು. ಹಾಡಿಗೆ ಮೊದಲು ನಿರೂಪಕ ಸಕಲೇಶಪುರದ ಹೆಸರು ಹೇಳುವುದು ಕೇಳುತ್ತದೆ, ಮುಂದಿನದು ಚಪ್ಪಾಳೆಯಲ್ಲಿ ಮುಚ್ಚಿಹೋಗಿದೆ. ವಾದ್ಯಗಳು ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್, ಪ್ರಾಯಶಃ ಒಂದು ಬೇಸ್ ಗಿಟಾರ್. ಮೂಲದ ನಡುವಾದ್ಯಗಳನ್ನೆಲ್ಲ ಕೀಬೋರ್ಡಿನ ಒಂದೇ ಬಲಗೈ ಹೊತ್ತಿದೆ. ಎಲ್ಲಿ ಎರಡು ಎಳೆಗಳು ಒಟ್ಟಿಗೆ ಬರಬೇಕೋ ಅಲ್ಲಿ ಮೇಲಿನ ಎಳೆಯನ್ನು ಉಳಿಸಿಕೊಂಡು ಕೆಳಗಿನದನ್ನು ಬಿಡಲಾಗಿದೆ. ಕೊನೆಯ ಚರಣ ಇಲ್ಲ. ಅದರ ಜಾಗದಲ್ಲಿ ಪಲ್ಲವಿ ಮೂರು ಸಲ. ಜನ ಜೊತೆಗೂಡಿ ಹಾಡುವುದು ಪಲ್ಲವಿಯನ್ನಾದ್ದರಿಂದ ಇದು ಮರೆವೋ ಉಪಾಯವೋ ಹೇಳಲಾಗದು.

ಪಾಠಾಂತರವಾಗಿ ಗಮನಿಸಬೇಕಾದದ್ದು ಒಂದೇ ಪದ. ಗೀಯಲ್ಲಿ ‘ಜೊತೆಯಲಿ’ ಎಂಬ ನಾಲ್ಕು ಅಕ್ಷರಗಳೂ ಬಿಡಿಬಿಡಿಯಾಗಿ ಕೇಳುತ್ತವೆ. ಆ-2ರ ಗಾಯಕ ಪಲ್ಲವಿಯನ್ನು ಏಳು ಸಲ ಎತ್ತಿಕೊಳ್ಳುತ್ತಾನೆ. ಮೊದಲ ಎರಡು ಸಲ ‘ಜೊತೆಯಲಿ’. ಲಯ ಏರಿದ ಮೇಲಿನ ಐದರಲ್ಲಿ ನಾಲ್ಕು ಸಲ ಸ್ಪಷ್ಟವಾಗಿ ‘ಜೊತೇಲಿ’. ಇನ್ನೊಂದು ಸಂದಿಗ್ಧ. ‘ಜೊತೇಲಿ’ ಹಾಸನ ಸೀಮೆಯ ಆಡುಮಾತು. ತಪ್ಪು ಎಂದು ಬದಿಗಿಡುವ ಮೊದಲು ಮಾತ್ರೆ ಎಣಿಸಬೇಕು.

7. ಮಾತ್ರೆಯ ಲೆಕ್ಕ

ಜೊ–ತೆ–ಯ–ಲಿ: ನಾಲ್ಕೂ ಲಘು, ಒಟ್ಟು 4 ಮಾತ್ರೆ. ಗದ್ಯದ ರೂಪ ‘ಜೊತೆಯಲ್ಲಿ’ಯಲ್ಲಿ ಒತ್ತಕ್ಷರದ ಹಿಂದಿನ ಯಕಾರ ಗುರುವಾಗಿ 5 ಮಾತ್ರೆ ಆಗುತ್ತದೆ. ಉದಯಶಂಕರ್ ‘ಯಲಿ’ ಎಂಬ ಪದ್ಯರೂಪವನ್ನು ಆರಿಸಿಕೊಂಡದ್ದು ಈ ಐದನೆಯ ಮಾತ್ರೆಯನ್ನು ಕಳೆಯಲು ಎಂದು ಊಹಿಸಲು ಅಡ್ಡಿಯಿಲ್ಲ. ಹಾಡಿನ ಪಟ್ಟಿಗಳಲ್ಲಿ ಆಗಾಗ ಅಚ್ಚಾಗುವ ‘ಜೊತೆಯಲ್ಲಿ’ ಎಂಬ ಬರಹ ಆ ಕಾರಣಕ್ಕೆ ಅಶುದ್ಧ. ‘ಜತೆ’, ‘ಜೊತೆ’ಗಳ ವ್ಯತ್ಯಾಸ ಮಾತ್ರೆಯ ಮಟ್ಟಿಗೆ ಲೆಕ್ಕಕ್ಕಿಲ್ಲ.

ಇನ್ನು ‘ಜೊತೇಲಿ’: ಜೊ ಲಘು, ತೇ ಗುರು, ಲಿ ಲಘು. ಮೂರು ಅಕ್ಷರ, ಆದರೆ ಮಾತ್ರೆ 4. ಅಂದರೆ ಆ-2ರ ಗಾಯಕ ಅಕ್ಷರ ಒಂದನ್ನು ಕಳೆದಿದ್ದಾನೆ, ಕಾಲವನ್ನು ಕಳೆದಿಲ್ಲ. ಗೀಯಲ್ಲಿ ನಾಲ್ಕು ಬಾರಿ ತಟ್ಟುವ ಕಡೆ ಇಲ್ಲಿ ಮೂರು ತಟ್ಟು, ನಡುವಿನದು ಎಳೆದದ್ದು. ವೇಗದಲ್ಲಿ ನಾಲ್ಕು ಲಘುಗಳನ್ನು ಬಿಡಿಸಿ ನುಡಿಯುವುದಕ್ಕಿಂತ ಇದು ನಾಲಗೆಗೆ ಸುಲಭ. ಐದು ಮಾತ್ರೆಯ ‘ಜೊತೆಯಲ್ಲಿ’ ಆತನ ಬಾಯಲ್ಲಿ ಒಂದು ಸಲವೂ ಬರುವುದಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಇದೇ ಅಳತೆಗೋಲನ್ನು ಉಳಿದ ಪ್ರತಿಗಳ ಮೊದಲ ಮಾತಿಗೆ ಹಿಡಿಯೋಣ. ಗೀ: 4, 2, 4, ಒಟ್ಟು 10 ಮಾತ್ರೆ, ಹತ್ತೂ ಲಘು, ಒಂದೂ ಗುರುವಿಲ್ಲ. ನೂ: ‘ವಿೞಿಯಿಲೇ’ 5, ‘ಮಣಿ’ 2, ‘ವಿೞಿಯಿಲ್’ 4, ಒಟ್ಟು 11, ಅದರಲ್ಲಿ ಎರಡು ಗುರು. ತಮಿಳು ಛಂದಸ್ಸು ನೇರ್, ನಿರೈ ಎಂಬ ತನ್ನದೇ ಘಟಕಗಳಿಂದ ನಡೆಯುವುದರಿಂದ ಕನ್ನಡದ ಮಾತ್ರೆಯನ್ನು ಅದರ ಮೇಲೆ ಹೇರುವುದು ಹೋಲಿಕೆಯ ಅನುಕೂಲಕ್ಕೆ ಮಾತ್ರ. ಚೀ: ‘ಜಾನೇ ದೋ ನಾ’, ನಾಲ್ಕು ಅಕ್ಷರ, ನಾಲ್ಕೂ ಗುರು, 8 ಮಾತ್ರೆ.

ಹತ್ತು ಲಘುಗಳಿಂದ ಹೊರಟ ಧಾಟಿ 26 ವರ್ಷಗಳ ನಂತರ ನಾಲ್ಕು ಗುರುಗಳ ಮೇಲೆ ನಿಂತಿದೆ. ಚೀ ನಿಧಾನಗತಿಯದು, ಒಬ್ಬಳೇ ಗಾಯಕಿಯದು. ಗೀ ಮತ್ತು ನೂ ಇಬ್ಬರು ಸಾಲು ಸಾಲು ಹಂಚಿಕೊಂಡು ಓಡುವಂಥವು. ನಿಧಾನ ಮಾಡಿದ್ದರಿಂದ ದೀರ್ಘಾಕ್ಷರಗಳು ಬೇಕಾದವೋ, ದೀರ್ಘಾಕ್ಷರಗಳಿಂದ ಹಾಡು ನಿಧಾನವಾಗಿ ಕೇಳುತ್ತದೋ ಎಂಬುದನ್ನು ಮುಗಿದ ಮುದ್ರಣದಿಂದ ಬಿಡಿಸಿ ಹೇಳಲಾಗದು. ಆದರೂ ಒಂದು ಮಾತನ್ನು ಸ್ವಲ್ಪ ಧೈರ್ಯದಿಂದ ಹೇಳಬಹುದು: ಗೀ ಮತ್ತು ಚೀಗಳ ಅಂತರವನ್ನು ಸ್ವರಗಳಲ್ಲಿ ಹುಡುಕಿದರೆ ಸಿಗುವುದಕ್ಕಿಂತ ಹೆಚ್ಚು ಅಕ್ಷರಗಳ ತೂಕದಲ್ಲಿ ಸಿಗುತ್ತದೆ.

ಆ-2ರಲ್ಲಿ ಇನ್ನೊಂದು ಎಳೆತವಿದೆ. ಪಲ್ಲವಿಯ ಮೊದಲ ‘ಜೊತೆಯಲಿ’ಯ ಕೊನೆಯ ಲಿಕಾರವನ್ನು ಗಾಯಕ ಎರಡು ಸಲ ‘ಲೀ’ ಎಂದು ಎಳೆಯುತ್ತಾನೆ, ನೂನಲ್ಲಿ ‘ಲೇ’ ಬರುವ ಜಾಗದಲ್ಲೇ. ಸಕಲೇಶಪುರದ ಕಾಫಿ ತೋಟಗಳ ಲೈನುಗಳಲ್ಲಿ ತಮಿಳು ಮನೆಮಾತಿನ ಕುಟುಂಬಗಳಿವೆ. ಆ ಗಾಯಕನ ಕಿವಿಗೆ ನೂ ಬಿದ್ದಿರಬಹುದು; 1987ರ ಅಥವಾ ನಂತರದ ಮುದ್ರಣವಾದ್ದರಿಂದ ಕಾಲವೂ ಅಡ್ಡಬರುವುದಿಲ್ಲ. ಆದರೆ ಪದದ ಕೊನೆಯ ಸ್ವರವನ್ನು ಎಳೆಯುವುದು ಯಾವ ಗಾಯಕನಿಗೂ ಸಹಜ ಅಭ್ಯಾಸ. ಕಡಿಮೆ ಊಹೆ ಬೇಡುವ ಎರಡನೆಯ ವಿವರಣೆಯೇ ಸದ್ಯಕ್ಕೆ ಸಾಕು.

8. ಮೊದಲು ಯಾವುದು, ಕವರ್ ಯಾವುದು

‘ಜಾನೇ ದೋ ನಾ’ದ ಮೂಲ ತಮಿಳು ಹಾಡೆಂದು ಹೇಳುವ ರೂಢಿ ಕನ್ನಡದ ಹೊರಗೆ ವ್ಯಾಪಕವಾಗಿದೆ. 1981, 1984, 2007 ಎಂಬ ಕ್ರಮದ ಎದುರು ಅದು ಸಡಿಲ ಮಾತು. ತಿದ್ದುವವರು ಕೂಡ ‘ಕನ್ನಡದಿಂದ ಕದ್ದದ್ದು’ ಎಂದು ಬರೆದು ಇನ್ನೊಂದು ತಪ್ಪು ಮಾಡುತ್ತಾರೆ. ಮೂರೂ ಕಡೆ ಸಂಯೋಜಕರು ಒಬ್ಬರೇ. ತಮ್ಮದೇ ಧಾಟಿಗೆ ಬೇರೆ ಭಾಷೆಯ ಮಾತು ಹೊಂದಿಸಿದ್ದನ್ನು ಮರುಬಳಕೆ ಎನ್ನಬಹುದು, ಮರುರಚನೆ ಎನ್ನಬಹುದು. ಕವರ್ ಎನ್ನುವುದು ಕಷ್ಟ.

ಕಾನೂನಿನಲ್ಲಿ ‘ಕವರ್’ಗೆ ನಿರ್ದಿಷ್ಟ ಅರ್ಥವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆ) ಉಪವಿಧಿಯ ಅಡಿಯಲ್ಲಿ, ಮೂಲ ಮುದ್ರಣ ಹೊರಬಂದ ನಂತರ ಬೇರೆಯವರಿಂದ ಹಾಡಿಸಿ ‘ವರ್ಷನ್’ ಮುದ್ರಣ ತರಲು ಅವಕಾಶವಿತ್ತು. 1980ರ ದಶಕದ ಅಗ್ಗದ ಕ್ಯಾಸೆಟ್ಟುಗಳ ಮಹಾಪೂರಕ್ಕೆ ಈ ಕಿಂಡಿಯೂ ಒಂದು ಕಾರಣ. 2012ರ ತಿದ್ದುಪಡಿ ಇದನ್ನು 31ಸಿ ಎಂಬ ಹೊಸ ವಿಧಿಯಾಗಿ ಬಿಗಿಗೊಳಿಸಿತು: ಮೊದಲ ಮುದ್ರಣದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಾಯಬೇಕು, ಪ್ರತಿ ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕೊಡಬೇಕು, ತಾಂತ್ರಿಕವಾಗಿ ಅನಿವಾರ್ಯವಲ್ಲದ ಮಾರ್ಪಾಡು ಮಾಡಬಾರದು, ಹೊದಿಕೆಯ ಮೇಲೆ ಹಳೆಯ ಗಾಯಕರ ಹೆಸರಾಗಲಿ ಚಿತ್ರವಾಗಲಿ ಇರಬಾರದು, ಇದು ಕವರ್ ಎಂದು ನಮೂದಿಸಬೇಕು.

ಈ ಅಳತೆಗೆ ನಮ್ಮ ಐದು ಪ್ರತಿಗಳಲ್ಲಿ ಒಂದೂ ಸಿಕ್ಕುವುದಿಲ್ಲ. ನೂ, ಚೀಗಳಲ್ಲಿ ಸಾಹಿತ್ಯವೇ ಬೇರೆ. ಆ-1 ನಕಲು. ಆ-2 ಮಾರಾಟಕ್ಕೆಂದು ಮುದ್ರಿಸಿದ್ದಲ್ಲ, ಗಣಪತಿ ಪೆಂಡಾಲಿನಲ್ಲೋ ಇನ್ನಾವ ಪೆಂಡಾಲಿನಲ್ಲೋ ಯಾರೋ ಗುಂಡಿ ಒತ್ತಿದ್ದು. ಆದರೆ ಮೂಲವನ್ನು ಕೇಳಿ, ಅದೇ ಮಾತನ್ನು ಇನ್ನೊಂದು ಬಾಯಲ್ಲಿ ಹಾಡಿದ್ದು ಎಂಬ ಸಾದಾ ಅರ್ಥದಲ್ಲಿ ಐದರಲ್ಲಿ ಕವರ್ ಅನ್ನಿಸಿಕೊಳ್ಳುವುದು ಆ-2 ಒಂದೇ.

9. ಕ್ಯಾಸೆಟ್ಟಿನ ಸದ್ಯದ ಸ್ಥಿತಿ

ಎರಡೂ ಬದಿಗಳನ್ನು ವೇಗ ತಿದ್ದದೆ ಒಮ್ಮೆ, ಆ-1ನ್ನು ಮಾತ್ರ ತಿದ್ದಿ ಇನ್ನೊಮ್ಮೆ, ಡಿಜಿಟಲ್‌ಗೆ ಇಳಿಸಿ ಟೇಪನ್ನು ಹಳೆಯ ಕವಚಕ್ಕೇ ಸುತ್ತಿ ಮನೆಯವರಿಗೆ ಮರಳಿಸಿದೆ. ಹೊದಿಕೆಯ ನೀಲಿ ಶಾಯಿಯ ಬರಹವನ್ನು ತಿದ್ದಿಲ್ಲ. ಒಳಗೆ ಒಂದು ಚೀಟಿ ಇಟ್ಟಿದೆ: ‘ಎ: ಸಿನಿಮಾ ಮುದ್ರಣದ ನಕಲು, ವೇಗ 1.062. ಬಿ: ಆರ್ಕೆಸ್ಟ್ರಾ, 1987 ಅಥವಾ ನಂತರ.’ ಯಜಮಾನರು ಚೀಟಿಯನ್ನು ಎರಡು ಸಲ ಓದಿದರು, ಎರಡೂ ಬದಿಗಳನ್ನು ಮತ್ತೆ ಹಾಕಿಸಿ ಕೇಳಿದರು. ‘ಬಿ’ ಬದಿಯ ಬಗ್ಗೆ ಅವರದೇನೂ ತಕರಾರಿಲ್ಲ. ‘ಎ’ ಬದಿಯ ನಮೂದನ್ನು ಅವರು ಒಪ್ಪಿಲ್ಲ.